ಬಾನಿನಲ್ಲಿ ಜೀರ್ಣೋದ್ಧಾರ

ಏರುವುದನ್ನು ಹೊಗಳುವುದು ಸುಲಭ. ಸರಿಪಡಿಸುವುದನ್ನು ಹೊಗಳುವುದು ಕಷ್ಟ. ನಮ್ಮ ಕಾವ್ಯಗಳಲ್ಲಿ ವಿಮಾನಗಳು ಬೇಕಾದಷ್ಟಿವೆ. ವಿಮಾನದ ಕೀಲು ಕೆಟ್ಟು ನಡುದಾರಿಯಲ್ಲಿ ನಿಂತದ್ದು, ಯಾರೋ ಕುಳಿತು ಅದನ್ನು ರಿಪೇರಿ ಮಾಡಿದ್ದು ನನ್ನ ಓದಿನಲ್ಲಿ ಬಂದಿಲ್ಲ. ಇದನ್ನು ಕಾವ್ಯದ ದೋಷವೆಂದು ಎಣಿಸಬೇಕಾಗಿಲ್ಲ. ಪುಷ್ಪಕ ಕೆಡತಕ್ಕ ವಸ್ತುವಲ್ಲ. ಆದರೆ ಮನುಷ್ಯರು ಮಾಡಿದ ಯಂತ್ರ ಕೆಡುತ್ತದೆ. ಅಂಥ ಯಂತ್ರದ ವಿಷಯವಾಗಿ ಬರೆಯುವ ನಮ್ಮ ಇಂದಿನ ಗದ್ಯವೂ ಪುಷ್ಪಕದ ಮಾದರಿಯನ್ನೇ ಹಿಡಿದು ಕುಳಿತರೆ ಅದು ದೋಷವೇ ಸರಿ. ಈ ಲೇಖನದಲ್ಲಿ ನಾನು ಎತ್ತಿಕೊಂಡಿರುವುದು ಆ ದೋಷವನ್ನು.

೨೦೨೫ರ ಜನವರಿ ೧೬ರಂದು ಇಸ್ರೋದ ಎರಡು ಉಪಗ್ರಹಗಳು ಆಕಾಶದಲ್ಲಿ ಒಂದಕ್ಕೊಂದು ಕೂಡಿಕೊಂಡವು. ಸ್ಪೇಡೆಕ್ಸ್ ಎಂಬ ಈ ಪ್ರಯೋಗದ ಸುದ್ದಿ ಕನ್ನಡ ಪತ್ರಿಕೆಗಳಲ್ಲೆಲ್ಲ ಬಂದಿತು. ಮುಡಿಗೆ ಮತ್ತೊಂದು ಗರಿ, ಐತಿಹಾಸಿಕ ಸಾಧನೆ, ಅಮೆರಿಕ ರಶಿಯಾ ಚೀನಗಳ ಸಾಲಿನಲ್ಲಿ ನಾಲ್ಕನೆಯ ರಾಷ್ಟ್ರ — ಇವು ಆ ಬರಹಗಳ ಪಲ್ಲವಿ. ಹೆಮ್ಮೆ ಪಡಬಾರದೆಂದು ನಾನು ಹೇಳಲಾರೆ, ನನಗೂ ಹೆಮ್ಮೆಯಾಯಿತು. ಆದರೆ ನಾಲ್ಕನೆಯ ರಾಷ್ಟ್ರವಾಗಿ ನಾವು ಮಾಡಿದ್ದು ಏನು, ಏತಕ್ಕಾಗಿ ಮಾಡಿದೆವು ಎಂದು ಒಬ್ಬ ಸಾಮಾನ್ಯ ವಾಚಕ ಕೇಳಿದರೆ ಗರಿಯಿಂದ ಉತ್ತರ ಹೊರಡುವುದಿಲ್ಲ. ಗರಿ ಎಂಬ ಮಾತನ್ನು ಕ್ರಿಕೆಟ್ ಪಂದ್ಯಕ್ಕೂ ಇಡಬಹುದು, ಪರೀಕ್ಷೆಯ ಫಲಿತಾಂಶಕ್ಕೂ ಇಡಬಹುದು. ಎಲ್ಲದಕ್ಕೂ ಒಪ್ಪುವ ಮಾತು ಯಾವುದನ್ನೂ ಹೇಳುವುದಿಲ್ಲ ಎಂಬುದು ವಿಮರ್ಶೆಯ ಮೊದಲನೆಯ ಪಾಠ.

ನಡೆದದ್ದಾದರೂ ಏನು? ೨೦೨೪ರ ಡಿಸೆಂಬರ್ ೩೦ರಂದು ಶ್ರೀಹರಿಕೋಟೆಯಿಂದ ಪಿ.ಎಸ್.ಎಲ್.ವಿ. ರಾಕೆಟ್ಟು ಸುಮಾರು ೨೨೦ ಕಿಲೋ ತೂಕದ ಎರಡು ಉಪಗ್ರಹಗಳನ್ನು ೪೭೫ ಕಿಲೋಮೀಟರು ಎತ್ತರಕ್ಕೆ ಒಯ್ದು ಬಿಟ್ಟಿತು. ಆ ಎತ್ತರದಲ್ಲಿ ಪ್ರತಿಯೊಂದೂ ಗಂಟೆಗೆ ೨೭,೦೦೦ ಕಿಲೋಮೀಟರಿಗೂ ಮಿಕ್ಕಿದ ವೇಗದಿಂದ ಭೂಮಿಯನ್ನು ಸುತ್ತುತ್ತದೆ. ಆದರೆ ಒಂದು ಇನ್ನೊಂದನ್ನು ಮುಟ್ಟಬೇಕಾದಾಗ ಅವುಗಳ ನಡುವಿನ ವೇಗ ಸೆಕೆಂಡಿಗೆ ೧೦ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಕೊನೆಯ ಮೂರು ಮೀಟರು, ಎಂದರೆ ನಮ್ಮ ನಡುಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗಿನ ದೂರ, ಆ ನಡಿಗೆಯಲ್ಲಿ ಐದು ನಿಮಿಷದ ಹಾದಿ! ಗಂಟೆಗೆ ಇಪ್ಪತ್ತೇಳು ಸಾವಿರ ಕಿಲೋಮೀಟರು ಎಂಬ ಅಂಕಿಯನ್ನು ಎಲ್ಲರೂ ಬರೆದರು. ಸೆಕೆಂಡಿಗೆ ಹತ್ತು ಮಿಲಿಮೀಟರು ಎಂಬುದನ್ನು ಬರೆದವರು ಕಡಿಮೆ. ವಿಷಯದ ಜೀವ ಇದ್ದುದು ಎರಡನೆಯ ಅಂಕಿಯಲ್ಲಿ.

ಇನ್ನೂ ಒಂದು ಮಾತು. ಜನವರಿ ೭ಕ್ಕೆ ಗೊತ್ತುಪಡಿಸಿದ್ದ ಈ ಕೂಟ ೯ಕ್ಕೆ ಹೋಯಿತು. ಅಷ್ಟರಲ್ಲಿ ಉಪಗ್ರಹಗಳು ಎಣಿಸಿದ್ದಕ್ಕಿಂತ ಹೆಚ್ಚಾಗಿ ತೇಲಿಹೋದುದರಿಂದ ೯ರಂದೂ ನಡೆಯಲಿಲ್ಲ. ೧೨ರಂದು ಹದಿನೈದು ಮೀಟರಿಗೆ, ಬಳಿಕ ಮೂರು ಮೀಟರಿಗೆ ಹತ್ತಿರ ಬಂದು, ಒಂದನ್ನೊಂದು ನೋಡಿಕೊಂಡು, ಹಿಂದಕ್ಕೆ ಸರಿದವು. ನಮ್ಮ ವರದಿಗಳು ಇದನ್ನೆಲ್ಲ ಮುಂದೂಡಿಕೆ ಎಂಬ ಒಂದೇ ಶಬ್ದದಲ್ಲಿ ಹೇಳಿ ಮುಗಿಸಿದವು. ಪರೀಕ್ಷೆ ಮುಂದೂಡಿದಂತೆ, ಮದುವೆ ಮುಂದೂಡಿದಂತೆ! ನಿಜವಾಗಿ ಅದು ಮುಂದೂಡಿಕೆಯಲ್ಲ, ಕೆಲಸವೇ. ಹತ್ತಿರ ಹೋಗಿ, ಮನಸ್ಸಿಗೆ ಸರಿಬಾರದೆ, ಹಿಂದಕ್ಕೆ ಬಂದು ಮತ್ತೆ ಲೆಕ್ಕ ಹಾಕುವುದು ಈ ವಿದ್ಯೆಯ ಮುಖ್ಯಭಾಗ. ಕಥೆಗಾರನ ಕಣ್ಣಿದ್ದವನು ೧೬ರ ಮುಂಜಾವಿಗಿಂತ ೧೨ರ ಆ ಮೂರು ಮೀಟರನ್ನೇ ಆರಿಸಿಕೊಳ್ಳುತ್ತಿದ್ದ.

ಈಗ ಶಬ್ದಗಳ ಕಡೆಗೆ ಬರೋಣ. ಈ ಘಟನೆಗೆ ಹಸ್ತಲಾಘವವೆಂಬ ರೂಪಕ ರೂಢಿಯಾಯಿತು. ಇದು ಇಂಗ್ಲಿಷಿನ ಕೈಕುಲುಕಿನ ನೇರ ಅನುವಾದ. ಕೈಕುಲುಕುವುದು ಎರಡು ಕ್ಷಣದ ಮಾತು. ಕುಲುಕಿದವರು ಮುಂದೆ ಬೇರೆ ಬೇರೆ ಹೋಗುತ್ತಾರೆ. ಇಲ್ಲಿ ನಡೆದದ್ದು ಹಾಗಲ್ಲ. ಎರಡು ಒಡಲು ಸೇರಿ ಒಂದೇ ವಸ್ತುವಾಗಿ ತಿರುಗಬೇಕು. ಒಂದರ ವಿದ್ಯುತ್ತು ಇನ್ನೊಂದರಲ್ಲಿ ಹರಿಯಬೇಕು. ಮಾರ್ಚಿಯಲ್ಲಿ ಬಿಡಿಸಿದ ಆ ಜೋಡಿಯನ್ನು ೨೦೨೫ರ ಏಪ್ರಿಲ್ ೨೦ರಂದು ಎರಡನೆಯ ಬಾರಿ ಕೂಡಿಸಿದಾಗ ಒಂದರ ವಿದ್ಯುತ್ತಿನಿಂದ ಇನ್ನೊಂದರಲ್ಲಿದ್ದ ಕಾವು ಕೊಡುವ ತಂತಿಯನ್ನು ನಡೆಸಿ ತೋರಿಸಿದರು. ಸುಮಾರು ನಾಲ್ಕು ನಿಮಿಷದ ಪ್ರಯೋಗ ಅದು. ನೆರೆಮನೆಯಿಂದ ಕೆಂಡ ತಂದು ಒಲೆ ಹೊತ್ತಿಸಿದ ನಮ್ಮ ಅಜ್ಜಿಯರಿಗೆ ಅದರ ಅರ್ಥ ತಟ್ಟನೆ ಹೊಳೆಯುತ್ತಿತ್ತು. ಹಸ್ತಲಾಘವದಲ್ಲಿ ಆ ಅರ್ಥ ಇಲ್ಲ.

ಇನ್ನೆರಡು ಶಬ್ದಗಳನ್ನು ನೋಡಿರಿ. ಈ ಎರಡು ಉಪಗ್ರಹಗಳಲ್ಲಿ ಒಂದಕ್ಕೆ ಚೇಸರ್ ಎಂದೂ ಇನ್ನೊಂದಕ್ಕೆ ಟಾರ್ಗೆಟ್ ಎಂದೂ ಹೆಸರು. ಬೆನ್ನಟ್ಟುವುದು, ಗುರಿಯಾಗುವುದು — ಬೇಟೆಯ ಮಾತು, ಯುದ್ಧದ ಮಾತು. ಇಂಗ್ಲಿಷಿನಲ್ಲಿ ಅದು ಪರಿಭಾಷೆಯಾಗಿ ಸವೆದು ಹೋಗಿದೆ, ಕಿವಿಗೆ ಚುಚ್ಚುವುದಿಲ್ಲ. ಕನ್ನಡಕ್ಕೆ ತಂದು ಬೆನ್ನಟ್ಟುವ ಉಪಗ್ರಹವೆಂದು ಬರೆದ ಕೂಡಲೆ ಹಳೆಯ ಬೇಟೆಯೆಲ್ಲ ಜೀವ ತಳೆದು ನಿಲ್ಲುತ್ತದೆ. ವಿಚಿತ್ರವೆಂದರೆ ಯಂತ್ರದ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ೪೫೦ ಮಿಲಿಮೀಟರು ಅಗಲದ ಆ ಕೂಡುಬಾಯಿ ಎರಡು ಉಪಗ್ರಹಗಳಲ್ಲಿಯೂ ಒಂದೇ ತೆರನಾಗಿದೆ. ಹಿಡಿಯುವ ಭಾಗ ಒಂದರಲ್ಲಿ, ಹಿಡಿಸಿಕೊಳ್ಳುವ ಭಾಗ ಇನ್ನೊಂದರಲ್ಲಿ ಎಂಬ ಭೇದವನ್ನು ಇಸ್ರೋದ ಶಿಲ್ಪಿಗಳು ಬೇಕೆಂದೇ ಕಳೆದಿದ್ದಾರೆ. ಸಮಾನರಾಗಿ ಕೂಡತಕ್ಕ ಎರಡು ವಸ್ತುಗಳ ಮೇಲೆ ಬೇಡ ಮತ್ತು ಮಿಗದ ಹೆಸರು ಹೇರಿದ್ದು ಭಾಷೆ, ಯಂತ್ರವಲ್ಲ.

ಹಾಗಾದರೆ ನಮಗೆ ಶಬ್ದಗಳಿಲ್ಲವೆ? ಇವೆ; ಹುಡುಕುವ ಸ್ಥಳದಲ್ಲಿ ಹುಡುಕುತ್ತಿಲ್ಲ. ಪಂಡಿತರು ನಿಘಂಟಿನಲ್ಲಿ ಹುಡುಕುತ್ತಾರೆ, ವರದಿಗಾರರು ಇಂಗ್ಲಿಷಿನಲ್ಲಿ. ನಮ್ಮ ಹುಬ್ಬಳ್ಳಿಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ರೇಲ್ವೆ ವರ್ಕ್‌ಶಾಪಿದೆ. ಜಗತ್ತಿನಲ್ಲೇ ಉದ್ದವಾದ, ೧,೫೦೭ ಮೀಟರಿನ ಪ್ಲಾಟ್‌ಫಾರ್ಮು ೨೦೨೩ರಲ್ಲಿ ಆದದ್ದೂ ಇಲ್ಲಿಯೇ. ಅಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಸ್ಪೇಡೆಕ್ಸಿನ ಸುದ್ದಿಯನ್ನು ನನ್ನಿಂದ ಓದಿಸಿ ಕೇಳಿದ ಅವರು ಹೇಳಿದ ಮಾತು ಇಷ್ಟು: “ಡಬ್ಬಿ ಕೂಡ್ಸೂದು ಅಂದ್ರ ಡಿಕ್ಕಿ ಹೊಡಿಯೂದಲ್ರೀ ಮಾಸ್ತರ. ಮುಟ್ಟಿದ್ದು ಗೊತ್ತಾಗ್ಬಾರ್ದು, ಆದ್ರ ಕೊಂಡಿ ಬಿದ್ದಿರ್ಬೇಕು.” ಇಡೀ ಪ್ರಯೋಗದ ವ್ಯಾಖ್ಯಾನ ಈ ಎರಡು ವಾಕ್ಯಗಳಲ್ಲಿದೆ. ಕೂಡಿಸುವುದು, ಕೊಂಡಿ ಬೀಳುವುದು, ಕೊಂಡಿ ಕಳಚುವುದು: ಡಾಕಿಂಗ್ ಅನ್‌ಡಾಕಿಂಗ್‌ಗಳಿಗೆ ಇದಕ್ಕಿಂತ ಸಲ್ಲುವ ಕನ್ನಡ ನನಗೆ ತಿಳಿಯದು.

ಇಂಗ್ಲಿಷ್ ಶಬ್ದಗಳನ್ನು ಹೊರಗಟ್ಟಬೇಕೆಂದು ನನ್ನ ವಾದವೆಂದು ಯಾರೂ ತಿಳಿಯಬಾರದು. ರಿಪೇರಿ ಎಂಬುದು ಇಂದು ಕನ್ನಡವೇ. ಸ್ಟೇಶನ್ ರಸ್ತೆಯ ಗ್ಯಾರೇಜಿನಲ್ಲಿ ಪಾನಾ ಹಿಡಿದ ಹುಡುಗನಿಗೆ ಅದು ತಾಯಿನುಡಿ. ರಾಕೆಟ್ಟು, ವಾಲ್ವು, ಮೋಟಾರು ಇವೂ ಇರಲಿ. ಶಬ್ದ ಎಲ್ಲಿಂದ ಬಂದಿತೆಂಬುದಕ್ಕಿಂತ ಅದನ್ನು ಆಡುವವನು ಕೆಲಸವನ್ನು ಕಣ್ಣಾರೆ ಕಂಡಿದ್ದಾನೆಯೇ ಎಂಬುದು ಮುಖ್ಯ. ಪಿ.ಎಸ್.ಎಲ್.ವಿ.ಯ ಅದೇ ಯಾತ್ರೆಯಲ್ಲಿ, ಕಕ್ಷೆಯಲ್ಲೇ ಉಳಿದ ರಾಕೆಟ್ಟಿನ ಕೊನೆಯ ಹಂತದ ಮೇಲೆ, ತಿರುವನಂತಪುರದಲ್ಲಿ ಮಾಡಿದ ಏಳು ಕೀಲಿನ ಒಂದು ಯಂತ್ರದ ತೋಳಿತ್ತು. ಅದು ಒಂದು ತುದಿಯನ್ನು ಊರಿ ಇನ್ನೊಂದನ್ನು ಎತ್ತಿಡುತ್ತ, ಎಲೆಯ ಮೇಲೆ ಬೆನ್ನು ಮಡಚಿ ಗೇಣು ಹಾಕುವ ಹುಳದಂತೆ ನಡೆಯಬಲ್ಲದು. ಹಾರಾಡುವ ಕಸವನ್ನು ಹಿಡಿಯುವುದನ್ನು ಅಭ್ಯಾಸ ಮಾಡಲು ಇನ್ನೊಂದು ತೋಳೂ ಇತ್ತು. ಅದೇ ವೇದಿಕೆಯ ಮೇಲೆ ಮೊಳೆತ ಅಲಸಂದಿ ಬೀಜ ಎಲ್ಲರ ಬಾಯಲ್ಲಿ ಬಂದಿತು. ಈ ತೋಳುಗಳ ಮಾತು ಮೂಲೆಗೆ ಬಿದ್ದಿತು. ಮೊಳಕೆಗೆ ನಮ್ಮಲ್ಲಿ ಸಾವಿರ ವರ್ಷದ ಕಾವ್ಯ ಇದೆ, ಕೀಲಿಗೆ ಇಲ್ಲ.

ಏತಕ್ಕಾಗಿ ಈ ಕೂಡಿಕೆ, ಈ ತೋಳು? ಮುಂದೆ ಆಕಾಶದಲ್ಲಿ ನಮ್ಮದೇ ನಿಲ್ದಾಣ ಕಟ್ಟಬೇಕು, ಚಂದ್ರನಿಂದ ಮಣ್ಣು ತರಬೇಕು ಎಂಬುವು ಎಲ್ಲರೂ ಹೇಳುವ ಕಾರಣಗಳು. ಇನ್ನೊಂದು ಕಾರಣ ಅಷ್ಟು ಬೆಳಗುವುದಿಲ್ಲ: ಕೆಟ್ಟ ಉಪಗ್ರಹದ ಹತ್ತಿರ ಹೋಗಿ ಅದನ್ನು ಸರಿಪಡಿಸುವುದು, ಎಣ್ಣೆ ಮುಗಿದದ್ದಕ್ಕೆ ಎಣ್ಣೆ ಹಾಕುವುದು, ಸತ್ತದ್ದನ್ನು ದಾರಿಯಿಂದ ಎತ್ತಿ ಹಾಕುವುದು. ಇದರ ಮಹತ್ವ ಕರ್ನಾಟಕದವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ನಮ್ಮ ದೇಶದ ಉಪಗ್ರಹಗಳ ತವರು ಬೆಂಗಳೂರು. ಅವುಗಳ ರೋಗದ ದಾಖಲೆ ಇರುವುದು ಹಾಸನದಲ್ಲಿ.

ಆ ದಾಖಲೆಯನ್ನು ಸ್ವಲ್ಪ ತಿರುವೋಣ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರ ಮುಂದಾಳುತನದಲ್ಲಿ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ ಆರ್ಯಭಟ ೧೯೭೫ರ ಏಪ್ರಿಲ್ ೧೯ರಂದು ಮೇಲೇರಿತು. ಕೆಲವೇ ದಿನಗಳಲ್ಲಿ ಅದರ ಪ್ರಯೋಗಗಳಿಗೆ ವಿದ್ಯುತ್ತು ನಿಂತಿತು. ೧೯೮೧ರ ಆ್ಯಪಲ್ ಉಪಗ್ರಹದ ಎರಡು ಸೌರಫಲಕಗಳಲ್ಲಿ ಒಂದು ಬಿಚ್ಚಿಕೊಳ್ಳಲೇ ಇಲ್ಲ; ಆದರೂ ಒಂಟಿ ರೆಕ್ಕೆಯ ಆ ಹಕ್ಕಿಯಿಂದ ನಮ್ಮವರು ಎರಡು ವರ್ಷಕ್ಕೂ ಹೆಚ್ಚು ಕೆಲಸ ತೆಗೆದರು. ಈ ಆ್ಯಪಲನ್ನು ಎತ್ತಿನ ಬಂಡಿಯ ಮೇಲಿಟ್ಟ ಛಾಯಾಚಿತ್ರವನ್ನು ನೋಡದವರಿಲ್ಲ. ಅದನ್ನು ನಮ್ಮ ಬಡತನದ ಚಿತ್ರವೆಂದು ಎಷ್ಟೋ ಜನ ಬರೆದಿದ್ದಾರೆ. ಆಂಟೆನಾದ ಪರೀಕ್ಷೆಗೆ ಲೋಹದ ಅಡ್ಡಿ ಇಲ್ಲದ ವಾಹನ ಬೇಕಾಗಿದ್ದಿತು, ಮರದ ಬಂಡಿ ಅದಕ್ಕೆ ಸರಿಹೋಯಿತು. ಜಾಣತನದ ಚಿತ್ರವನ್ನು ದೈನ್ಯದ ಚಿತ್ರವಾಗಿ ಓದಿದ್ದು ಕೂಡ ಒಂದು ವಿಮರ್ಶಾದೋಷ.

೧೯೮೨ರ ಏಪ್ರಿಲಿನಲ್ಲಿ ಹೋದ ಇನ್‌ಸ್ಯಾಟ್-೧ಎ ಒಂದರ ಮೇಲೊಂದು ಕಾಯಿಲೆ ಬಿದ್ದು, ದಿಕ್ಕು ಹಿಡಿದಿಡುವ ಇಂಧನ ತೀರಿ, ಸಪ್ಟೆಂಬರಿನಲ್ಲಿ ಕೈಬಿಡಬೇಕಾಯಿತು. ಮರುವರ್ಷ ಅಗಸ್ಟಿನಲ್ಲಿ ಚಾಲೆಂಜರ್ ನೌಕೆ ಒಯ್ದ ಇನ್‌ಸ್ಯಾಟ್-೧ಬಿಯ ಸೌರಫಲಕವೂ ಸಿಕ್ಕಿಕೊಂಡಿತು. ಈ ಸಲ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಲ್ಲಿ ಕುಳಿತವರೂ ಅದನ್ನು ಕಟ್ಟಿಕೊಟ್ಟ ಅಮೆರಿಕದ ಕಂಪನಿಯವರೂ ಸಪ್ಟೆಂಬರಿನ ಮಧ್ಯದವರೆಗೆ ಬಿಡದೆ ಪ್ರಯತ್ನಿಸಿ ಅದನ್ನು ಬಿಚ್ಚಿಸಿದರು. ಹಳ್ಳಿಹಳ್ಳಿಗೆ ದೂರದರ್ಶನ ಬಂದುದು ಆ ಉಪಗ್ರಹದ ಮುಖಾಂತರ. ಮೂವತ್ತಾರು ಸಾವಿರ ಕಿಲೋಮೀಟರು ದೂರದ ಒಂದು ಕೀಲನ್ನು, ಮುಟ್ಟಲಾರದೆ, ಆಜ್ಞೆಗಳಿಂದಲೇ ಸಡಿಲಿಸಿದ ಆ ದಿನಗಳ ಕಥೆಯನ್ನು ಕನ್ನಡದಲ್ಲಿ ಯಾರು ಬರೆದರು? ಒಂದು ಕಾದಂಬರಿ, ಒಂದು ನಾಟಕ, ಒಂದು ಒಳ್ಳೆಯ ಪ್ರಬಂಧ? ನನ್ನ ಕಣ್ಣಿಗೆ ಬಿದ್ದಿಲ್ಲ. ಹಾಸನವೆಂದರೆ ಹೊಯ್ಸಳ ಶಿಲ್ಪವೆಂದು ಬರೆಯುವ ಲೇಖನಿಗಳು ಅದೇ ಊರಿನ ಈ ಶಿಲ್ಪವನ್ನು ಕಾಣದೆ ಹೋದವು.

ಇದು ಹಳೆಯ ಮಾತೆನ್ನಬೇಡಿರಿ. ಸ್ಪೇಡೆಕ್ಸ್ ಕೂಡಿದ ತಿಂಗಳಲ್ಲಿಯೇ, ೨೦೨೫ರ ಜನವರಿ ೨೯ರಂದು, ಶ್ರೀಹರಿಕೋಟೆಯ ನೂರನೆಯ ಉಡಾವಣೆಯಲ್ಲಿ ಎನ್.ವಿ.ಎಸ್.-೦೨ ಎಂಬ ದಾರಿತೋರುವ ಉಪಗ್ರಹ ಹೋಯಿತು. ಶತಕವೆಂದು ಸಂಭ್ರಮಿಸಿದೆವು. ಕೆಲವೇ ದಿನಗಳಲ್ಲಿ ತಿಳಿದುದು: ಎಂಜಿನ್ನಿಗೆ ಆಕ್ಸಿಡೈಸರನ್ನು ಬಿಡಬೇಕಾದ ವಾಲ್ವು ತೆರೆಯಲಿಲ್ಲ. ಉಪಗ್ರಹ ಆರೋಗ್ಯವಾಗಿಯೇ ಇದ್ದೂ ತಾನು ಸೇರಬೇಕಾದ ಕಕ್ಷೆಯನ್ನು ಸೇರಲಾಗಲಿಲ್ಲ. ಒಂದು ವಾಲ್ವು! ನಮ್ಮ ಮನೆಯ ನಳ ಕೆಟ್ಟರೆ ಮಿಸ್ತ್ರಿಯನ್ನು ಕರೆಯುತ್ತೇವೆ. ಅಲ್ಲಿಗೆ ಹೋಗಬಲ್ಲ ಮಿಸ್ತ್ರಿ ಇನ್ನೂ ಹುಟ್ಟಿಲ್ಲ. ಶತಕದ ಸುದ್ದಿಯನ್ನೂ ವಾಲ್ವಿನ ಸುದ್ದಿಯನ್ನೂ ಅಕ್ಕಪಕ್ಕದಲ್ಲಿಟ್ಟು, ಹದಿಮೂರು ದಿನ ಮೊದಲು ನಡೆದ ಕೂಡಿಕೆಯ ಅರ್ಥ ಇದೇ ಎಂದು ತೋರಿಸಿದ್ದರೆ ಅದು ಬರವಣಿಗೆಯಾಗುತ್ತಿತ್ತು. ಬೇರೆ ಬೇರೆ ಪುಟಗಳಲ್ಲಿ ಬಿದ್ದು ಅವು ಬರಿಯ ಸುದ್ದಿಗಳಾದವು.

ಹೊರದೇಶಗಳಲ್ಲಿ ಈ ಕೆಲಸ ಎಲ್ಲಿಯವರೆಗೆ ಬಂದಿದೆ? ೧೯೮೪ರಲ್ಲಿ ಸೋಲಾರ್ ಮ್ಯಾಕ್ಸ್ ಎಂಬ ಉಪಗ್ರಹವನ್ನು, ೧೯೯೩ರಲ್ಲಿ ಕನ್ನಡಿ ಕೆಟ್ಟ ಹಬಲ್ ದೂರದರ್ಶಕವನ್ನು ಮನುಷ್ಯರೇ ಹೋಗಿ ಸರಿಪಡಿಸಿದರು. ಮನುಷ್ಯರಿಲ್ಲದೆ, ಯಂತ್ರವೇ ಹೋಗಿ ಮುದಿ ಉಪಗ್ರಹಕ್ಕೆ ಹೆಗಲು ಕೊಟ್ಟದ್ದು ೨೦೨೦ರ ಫೆಬ್ರುವರಿಯಲ್ಲಿ. ಇಂಧನ ತೀರುತ್ತ ಬಂದಿದ್ದ ಇಂಟೆಲ್‌ಸ್ಯಾಟ್ ೯೦೧ಕ್ಕೆ ಎಂ.ಇ.ವಿ.-೧ ಎಂಬ ನೌಕೆ ಅಂಟಿಕೊಂಡು, ಐದು ವರ್ಷ ಅದನ್ನು ನಡೆಸಿ, ೨೦೨೫ರಲ್ಲಿ ದೂರದ ಮಸಣಕಕ್ಷೆಗೆ ಒಯ್ದು ಬಿಟ್ಟಿತು. ಹಿಡಿಯುವುದಕ್ಕೆ ಹಿಡಿಕೆ ಇರಲಿಲ್ಲವಾಗಿ ಅದು ಎಂಜಿನ್ನಿನ ಕೊಳವೆಯೊಳಗೆ ಕೋಲು ತೂರಿಸಿ ಹಿಡಿಯಬೇಕಾಯಿತು. ಇದಕ್ಕೆ ಎದುರಾಗಿ, ೧೯೯೯ರ ಲ್ಯಾಂಡ್‌ಸ್ಯಾಟ್-೭ಕ್ಕೆ ಇಂಧನ ತುಂಬಿಸಲು ನಾಸಾ ಹವಣಿಸಿದ್ದ ಓಸಮ್-೧ ಎಂಬ ಯೋಜನೆ ವರ್ಷಗಟ್ಟಲೆ ತಡವಾಗಿ, ವೆಚ್ಚ ಏರಿ, ೨೦೨೪ರಲ್ಲಿ ನಿಂತುಹೋಯಿತು. ಲ್ಯಾಂಡ್‌ಸ್ಯಾಟನ್ನು ಮುಂದೆಂದಾದರೂ ತೆರೆಯಬೇಕಾದೀತೆಂದು ಯಾರೂ ಕಟ್ಟಿರಲಿಲ್ಲ. ಮೇಲಿನ ಹೊದಿಕೆ ಕತ್ತರಿಸಿ, ತಂತಿ ಕಡಿದು, ಮುಚ್ಚಳ ತಿರುವಿ ಒಳಗೆ ಹೋಗಬೇಕಾಗಿದ್ದಿತು.

ಕಟ್ಟುವಾಗಲೇ ಕೆಡುವುದನ್ನು ನೆನೆಯಬೇಕೆಂಬುದು ಇದರ ಪಾಠ. ಇದು ನಮಗೆ ಹೊಸದೆ? ನಮ್ಮ ಧಾರವಾಡ ಸೀಮೆಯ ಕಲ್ಯಾಣ ಚಾಲುಕ್ಯರ ಕಾಲದ ದತ್ತಿಶಾಸನಗಳನ್ನು ಓದಿದವರಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ದೇಗುಲ ಕಟ್ಟಿಸಿದವನು ದೇವರ ನೈವೇದ್ಯಕ್ಕೆ, ನಂದಾದೀವಿಗೆಗೆ ಭೂಮಿ ಬಿಡುವಾಗಲೇ, ಮುರಿದದ್ದು ಒಡೆದದ್ದು ಹಳತಾದದ್ದರ ದುರಸ್ತಿಗೆಂದೂ ಸೇರಿಸಿ ಬಿಡುತ್ತಿದ್ದ. ಕಲ್ಲು ಬಿರಿಯುತ್ತದೆಂದು ಅವನು ಬಲ್ಲ. ತಾನಿಲ್ಲದ ಕಾಲದಲ್ಲಿ ಬಿರಿಯುತ್ತದೆಂದೂ ಬಲ್ಲ. ತರಗತಿಯಲ್ಲಿ ಈ ಮಾತನ್ನು ನಾವು ಶಾಸನದ ಸವಕಲು ಸೂತ್ರವೆಂದು ದಾಟಿಹೋಗುತ್ತೇವೆ. ಆದರೆ ಇಂದು ಉಪಗ್ರಹ ಕಟ್ಟುವವರು ಹೊಸದಾಗಿ ಕಲಿಯುತ್ತಿರುವುದು ಈ ಸೂತ್ರವನ್ನೇ: ಹಿಡಿಕೆ ಇಡು, ತೆರೆಯುವ ಬಾಯಿ ಇಡು, ನಾಳೆ ಬರುವ ಯಂತ್ರಕ್ಕೆ ಕಾಣುವ ಗುರುತು ಇಡು. ಜೀರ್ಣೋದ್ಧಾರವೆಂಬ ಶಬ್ದವನ್ನು ಗುಡಿಯ ಕಾಣಿಕೆಪೆಟ್ಟಿಗೆಯ ಮೇಲೆ ಮಾತ್ರ ಬಿಟ್ಟು ಕುಳಿತದ್ದು ನಮ್ಮ ಮೈಗಳ್ಳತನ.

ಇಲ್ಲೊಂದು ಎಚ್ಚರದ ಮಾತು ಬೇಕು. ಶಾಸನದಲ್ಲಿ ಎಲ್ಲ ಇತ್ತು ಎಂದು ಎದೆ ತಟ್ಟುವ ಜಾತಿಯ ಬರಹಕ್ಕೆ ನಾನು ಇಂಬು ಕೊಡುತ್ತಿಲ್ಲ. ಚಾಲುಕ್ಯರಿಗೆ ಉಪಗ್ರಹ ಗೊತ್ತಿರಲಿಲ್ಲ, ಗೊತ್ತಿದ್ದುದು ಹೊಣೆ. ಹಾಗೆಯೇ ಸ್ಪೇಡೆಕ್ಸಿನಲ್ಲಿ ಇಸ್ರೋ ಯಾವ ಕೆಟ್ಟ ಉಪಗ್ರಹವನ್ನೂ ರಿಪೇರಿ ಮಾಡಲಿಲ್ಲ. ರಿಪೇರಿಗೆ ಬೇಕಾದ ಮೊದಲ ಅಕ್ಷರವನ್ನು ತಿದ್ದಿತು. ಅಕ್ಷರಾಭ್ಯಾಸವನ್ನು ಪಟ್ಟಾಭಿಷೇಕವೆಂದು ಬಣ್ಣಿಸಿದರೆ ಅಭ್ಯಾಸಕ್ಕೇ ಅವಮಾನ. ಇನ್ನು, ಇನ್ನೊಬ್ಬರ ಉಪಗ್ರಹದ ಹತ್ತಿರ ಹೋಗಿ ಸರಿಪಡಿಸಬಲ್ಲ ತೋಳು ಅದನ್ನು ಮುರಿಯಲೂ ಬಲ್ಲದು. ಈ ಅಂಜಿಕೆಯೂ ಒಳ್ಳೆಯ ಬರಹದಲ್ಲಿ ಬರಬೇಕು.

ವಿಜ್ಞಾನದ ಬರಹದಿಂದ ಇಷ್ಟೆಲ್ಲ ಕೇಳುವುದು ಹೆಚ್ಚಾಯಿತೆಂದು ಕೆಲವರು ಆಕ್ಷೇಪಿಸಬಹುದು. ಕನ್ನಡದ ಹಿಂದಿನವರು ಇದಕ್ಕಿಂತ ಕಡಿಮೆಯನ್ನು ತಮ್ಮಿಂದ ಕೇಳಿಕೊಂಡಿರಲಿಲ್ಲ. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕಾದಂಬರಿಕಾರರಾದ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು, ಕಾದಂಬರಿ ಬರೆಯುವ ಕೈಗೆ ಅದು ಕೀಳು ಕೆಲಸವೆಂದು ಅವರು ಎಣಿಸಲಿಲ್ಲ. ನಮ್ಮ ಧಾರವಾಡದ ರಾಜಶೇಖರ ಭೂಸನೂರಮಠರು ಕನ್ನಡದಲ್ಲಿ ವೈಜ್ಞಾನಿಕ ಕಥೆಗೆ ದಾರಿ ಮಾಡಿಕೊಟ್ಟರು. ಆ ದಾರಿಯಲ್ಲಿ ಇಂದು ಹುಲ್ಲು ಬೆಳೆಯುತ್ತಿದೆ.

ಇದರಿಂದ ಯಾರಿಗೆ ನಷ್ಟ? ನನ್ನ ತರಗತಿಯ ಮುಂದಿನ ಸಾಲಿನಲ್ಲಿ ಕುಳಿತ ಹುಡುಗಿಗೆ ನಷ್ಟ. ಅವಳ ಅಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರು. ಅವಳು ಓದುವುದು ಕನ್ನಡ. ಆಕಾಶದ ಯಂತ್ರವೆಂದರೆ ತನ್ನ ಮನೆಯ ಕೆಲಸಕ್ಕೂ ತನ್ನ ಭಾಷೆಗೂ ಸಂಬಂಧವಿಲ್ಲದ ಯಾವುದೋ ಗರಿ ಎಂದು ಅವಳು ತಿಳಿದರೆ ಆ ತಪ್ಪು ಅವಳದಲ್ಲ. ಅಪ್ಪನ ಕೈಯಲ್ಲಿರುವ ವಿದ್ಯೆಗೂ ಬೆಂಗಳೂರಿನ ನಿಯಂತ್ರಣ ಕೋಣೆಯ ವಿದ್ಯೆಗೂ ಹೆಸರು ಒಂದೇ ಎಂದು ಅವಳಿಗೆ ಹೇಳಬೇಕಾದವರು ಬರೆಯುವ ನಾವು. ಸಂಪಾದಕರಲ್ಲಿ ನನ್ನ ಬಿನ್ನಹ ಇಷ್ಟೆ: ಮುಂದಿನ ಸಲ ಆಕಾಶದಲ್ಲಿ ಕೊಂಡಿ ಬಿದ್ದಾಗ ಒಬ್ಬ ವರದಿಗಾರನನ್ನು ಇಸ್ರೋದ ಪ್ರಕಟಣೆಯ ಮುಂದೆ ಕೂರಿಸಿರಿ, ಇನ್ನೊಬ್ಬನನ್ನು ಹುಬ್ಬಳ್ಳಿಯ ಯಾರ್ಡಿಗೆ ಕಳಿಸಿರಿ. ಇಬ್ಬರೂ ತಂದದ್ದನ್ನು ಒಂದೇ ಪುಟದಲ್ಲಿ ಅಚ್ಚು ಹಾಕಿರಿ.